ಇನ್ನೂರ ಹದಿನಾರು ಸ್ವಚ್ಛ ಪದಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಭಾಷೆಗಳನ್ನು ಉಳಿಸುವ ಮನುಷ್ಯ. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆಯವರೆಗೆ, ಡಚ್ಚರ ದೇಶದ ರೈಸ್‌ವೈಕ್ ಊರಿನ ನಮ್ಮ ಬಡಾವಣೆಯ ಸಮುದಾಯ ಭವನದ ಎರಡನೇ ಕೋಣೆಯಲ್ಲಿ ಕನ್ನಡವನ್ನು ಉಳಿಸುತ್ತಿದ್ದೆ. ಹನ್ನೆರಡೂವರೆಗೆ ಯೋಗದವರು ಚಾಪೆ ಹಿಡಿದು ಬಂದುಬಿಡುತ್ತಿದ್ದರಿಂದ ಅದಕ್ಕಿಂತ ಹೆಚ್ಚು ಉಳಿಸಲು ಅವಕಾಶವಿರಲಿಲ್ಲ. ಏಳು ಮಕ್ಕಳು, ಒಂದು ಬಿಳಿ ಹಲಗೆ, ಊರಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸಿಕೊಂಡ ಒಂದನೇ ತರಗತಿಯ ಪುಸ್ತಕಗಳು, ಮತ್ತು ನಾನು. ಏಳರಲ್ಲಿ ಆರು ಮಕ್ಕಳು ತಕ್ಕಮಟ್ಟಿಗೆ ಕನ್ನಡ ಮಾತಾಡುತ್ತಿದ್ದವು. ಏಳನೆಯವಳು ನನ್ನ ಮಗಳು.

ಅವಳಿಗೆ ಆಗ ಒಂಬತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ ಕೊಡುತ್ತಿದ್ದಳು. ತುಂಬ ಒತ್ತಾಯಿಸಿದರೆ ಇಂಗ್ಲಿಷಿನವರೆಗೆ ಬರುತ್ತಿದ್ದಳು, ಚೌಕಾಸಿಯಲ್ಲಿ ಅರ್ಧಕ್ಕೆ ಒಪ್ಪಿದವರ ಹಾಗೆ. ಇದಕ್ಕೆಲ್ಲ ಶಾಲೆ, ಟಿವಿ, ಗೆಳತಿಯರು ಮತ್ತು ಈ ದೇಶದ ಹವೆ ಕಾರಣವೆಂದು ನಾನು ಬೇರೆ ತಂದೆತಾಯಿಗಳಿಗೆ ವಿವರಿಸುತ್ತಿದ್ದೆ. ನನ್ನ ಹೆಂಡತಿ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ನಾನು ಗದಗ ಕಡೆಯವನು, ಅವಳು ಮೈಸೂರಿನವಳು. ಮಗಳು 'ಹೋಗಾಕತ್ತೀನಿ' ಎಂದರೆ ಅವಳ ತಾಯಿಗೆ ನಗು ಬರುತ್ತಿತ್ತು, 'ಹೋಗ್ತಾ ಇದೀನಿ' ಎಂದರೆ ನನ್ನ ಮುಖ ಹುಳ್ಳಗಾಗುತ್ತಿತ್ತು. ಕೊನೆಗೆ ಮಗು ಏನೂ ಹೇಳದೆ ಸೈಕಲ್ ಹತ್ತಿ ಹೋಗುವುದನ್ನು ಕಲಿತಿತ್ತು.

ಹೆಂಡತಿ ಬರೀ ನಗುತ್ತಿದ್ದಳು. ನಾನು ಬೆರಳು ಎತ್ತುತ್ತಿದ್ದೆ. ಬಲಗೈಯ ತೋರುಬೆರಳು. ಎದುರಿಗಿದ್ದವರು ತಪ್ಪು ಮಾತಾಡಿದರೆ ಅದು ನನ್ನನ್ನು ಕೇಳದೆಯೇ ಮೇಲೇಳುತ್ತದೆ. ಮಾತು ನಿಲ್ಲುತ್ತದೆ, ನಾನು ಸರಿಪಡಿಸುತ್ತೇನೆ, ಬೆರಳು ಇಳಿಯುತ್ತದೆ. ಆಫೀಸಿನಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ. ಬೇರೆಯವರು ಗುಡ್ಡೆ ಹಾಕಿದ ಮಾಹಿತಿಯಲ್ಲಿ ಕಸ ಹುಡುಕುವುದು, ಕಸ ತೆಗೆದು ಸ್ವಚ್ಛ ಮಾಡುವುದು, ಆಮೇಲೆ ಮೂಲ ಫೈಲನ್ನು ಅಳಿಸಿಹಾಕುವುದು ನನ್ನ ಕೆಲಸ. ಖಾಸಗಿ ಮಾಹಿತಿಯ ಕಾಯ್ದೆ ಇಲ್ಲಿ ಬಹಳ ಬಿಗಿ. ಸ್ವಚ್ಛವಾದದ್ದು ಕೈಗೆ ಬಂದ ಮೇಲೂ ಕಚ್ಚಾ ಮಾಲನ್ನು ಇಟ್ಟುಕೊಂಡವನನ್ನು ಆಫೀಸಿನಲ್ಲಿ ಒಂಥರಾ ನೋಡುತ್ತಾರೆ. ಹನ್ನೆರಡು ವರ್ಷ ಇದನ್ನೇ ಮಾಡಿ ಮಾಡಿ, ಸಾರು ಕುದಿದ ಮೇಲೆ ಬೇಳೆ ಡಬ್ಬಿಯನ್ನೂ ಅನುಮಾನದಿಂದ ನೋಡುವ ಸ್ಥಿತಿಗೆ ನಾನು ತಲುಪಿದ್ದೆ.

ಪಕ್ಕದ ಫ್ಲ್ಯಾಟಿನಲ್ಲಿ ಎಂಬತ್ತರ ಹತ್ತಿರದ ಹೆಂಗಸೊಬ್ಬರು ಒಬ್ಬರೇ ಇದ್ದರು. ಇಡೀ ಕಟ್ಟಡ ಅವರನ್ನು ತಾಂತೆ ಎನ್ನುತ್ತಿತ್ತು. ಅತ್ತೆಗೂ ಚಿಕ್ಕಮ್ಮನಿಗೂ ಡಚ್ಚಿನಲ್ಲಿ ಅದೊಂದೇ ಮಾತು, ನಮ್ಮ ಆಂಟಿ ಇದ್ದ ಹಾಗೆ. ಈ ಮನೆಗೆ ಬಂದ ಮೊದಲ ದಿನ ನಾನು ಅವರನ್ನು ಮಂಗಳೂರು ಕಡೆಯವರೆಂದು ತಿಳಿದು, ಲಿಫ್ಟಿನಲ್ಲಿ ಕನ್ನಡದಲ್ಲೇ ಮಾತಾಡಿಸಿ, ಯಾವ ಊರು ಎಂದು ಕೇಳಿದ್ದೆ. ಅವರು ಮೊಲುಕ್ಕಾ ದ್ವೀಪಗಳವರು, ಈಗಿನ ಇಂಡೋನೇಷ್ಯಾ. ಅವರ ತಂದೆ ಡಚ್ಚರ ವಸಾಹತು ಸೈನ್ಯದಲ್ಲಿ ಸಿಪಾಯಿ. ಆ ದೇಶ ಸ್ವತಂತ್ರವಾದ ಮೇಲೆ ಇಂಥ ಸಿಪಾಯಿಗಳನ್ನು ಹೆಂಡತಿ ಮಕ್ಕಳ ಸಮೇತ ಹಡಗು ಹತ್ತಿಸಿ, ಕೆಲವು ತಿಂಗಳ ಮಟ್ಟಿಗೆ ಎಂದು ಹೇಳಿ ಇಲ್ಲಿಗೆ ತಂದು ಕ್ಯಾಂಪುಗಳಲ್ಲಿ ಇಟ್ಟರು. ತಾಂತೆಗೆ ಆಗ ಐದು ವರ್ಷ. ಆ ಕೆಲವು ತಿಂಗಳು ಇನ್ನೂ ಮುಗಿದಿಲ್ಲ ಎಂದು ಅವರು ನಗುತ್ತಾ ಹೇಳುತ್ತಿದ್ದರು.

ಒಂದು ಭಾನುವಾರ ತರಗತಿ ಮುಗಿಸಿ ಬರುವಾಗ ಲಿಫ್ಟಿನಲ್ಲಿ ಸಿಕ್ಕರು. ನನ್ನ ಚೀಲದ ಪುಸ್ತಕಗಳನ್ನು ನೋಡಿ ಇದೇನು ಎಂದು ಕೇಳಿದರು. ಕೇಳಿದ್ದೇ ತಡ, ನಾನು ನೆಲಮಹಡಿಯಿಂದ ಆರನೇ ಮಹಡಿಯವರೆಗೆ ಕನ್ನಡಕ್ಕೆ ಬಂದೊದಗಿರುವ ಗಂಡಾಂತರದ ಬಗ್ಗೆ ಭಾಷಣ ಮಾಡಿದೆ. ಅವರು ತಲೆದೂಗುತ್ತಾ ಕೇಳಿ, ನಿಮ್ಮ ಭಾಷೆ ಮಾತಾಡುವವರು ಎಷ್ಟು ಜನ ಎಂದರು. ಕೋಟಿಗೆ ಡಚ್ಚಿನಲ್ಲಿ ಪದವಿಲ್ಲ. ಹತ್ತು ಮಿಲಿಯನ್, ಮತ್ತೆ ಹತ್ತು ಮಿಲಿಯನ್ ಎಂದು ಕೈ ಬಿಚ್ಚಿ ಬಿಚ್ಚಿ ತೋರಿಸಿದೆ. ಹಾಗಾದರೆ ಫೋನ್ ಮಾಡಿದರೆ ಆ ಕಡೆ ಯಾರಾದರೂ ಎತ್ತುತ್ತಾರೆ ಅನ್ನಿ ಎಂದರು ತಾಂತೆ. ಅದರಲ್ಲಿ ಕುಹಕವಿರಲಿಲ್ಲ. ನನ್ನ ಪರವಾಗಿ ನಿಜಕ್ಕೂ ಸಮಾಧಾನಪಟ್ಟುಕೊಂಡರು.

ಸೌಜನ್ಯಕ್ಕೆಂದು ಅವರ ಭಾಷೆಯ ಬಗ್ಗೆ ಕೇಳಿದೆ. ಮಲಯ ಇರಬೇಕು ಎಂದುಕೊಂಡಿದ್ದೆ. ಮಲಯ ಬರುತ್ತದೆ, ಆದರೆ ಅದು ಚರ್ಚಿನದು, ಕ್ಯಾಂಪಿನದು ಎಂದರು. ಹತ್ತು ದ್ವೀಪಗಳ ಸಿಪಾಯಿಗಳನ್ನು ಒಂದೇ ಕಡೆ ಇಟ್ಟಾಗ ಎಲ್ಲರಿಗೂ ತಿಳಿಯುವ ಮಲಯವೇ ಉಳಿಯಿತು. ಶಾಲೆಗೆ ಹೋದರೆ ಡಚ್. ಅವರ ತಾಯಿ ಒಲೆಯ ಮುಂದೆ ಆಡುತ್ತಿದ್ದ ಮಾತು ಬೇರೆ, ಸೆರಾಮ್ ಎಂಬ ದ್ವೀಪದ ತೀರದಲ್ಲಿದ್ದ ಅವಳ ಹಳ್ಳಿಯದು. ಆ ಹಳ್ಳಿಯಲ್ಲೂ ಮಕ್ಕಳು ಈಗ ಮಲಯದಲ್ಲೇ ಆಡುತ್ತವಂತೆ, ಬಲ್ಲವರು ಅಂತ ಇದ್ದರೆ ನಾಲ್ಕು ಜನ ಮುದುಕರು ಇದ್ದಾರು. ಈ ದೇಶದಲ್ಲಿ ಎಷ್ಟು ಜನ ಎಂದು ಕೇಳಿದೆ. ತಾಂತೆ ಎರಡು ಬೆರಳು ಎತ್ತಿದರು. ಆಮೇಲೆ ಒಂದನ್ನು ಅರ್ಧ ಮಡಚಿದರು. ನೆಟ್ಟಗಿದ್ದದ್ದು ಅವರ ಅಕ್ಕ, ಅರ್ಧ ತಾವು.

ಲಿಫ್ಟು ಆರನೇ ಮಹಡಿಯಲ್ಲಿ ಬಾಗಿಲು ತೆರೆದು, ನಾವಿಬ್ಬರೂ ಇಳಿಯದ್ದನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

ಮುಂದಿನ ವಾರ ತೆಂಗಿನಕಾಯಿ ಹಾಕಿದ ಅಂಟಕ್ಕಿಯ ತಿಂಡಿ ಹಿಡಿದುಕೊಂಡು ಅವರೇ ನಮ್ಮ ಮನೆಗೆ ಬಂದರು. ಅಕ್ಕ ಟಿಲ್‌ಬರ್ಗಿನಲ್ಲಿ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ. ಅಕ್ಕನನ್ನು ಅವರು 'ಉಸಿ' ಎನ್ನುತ್ತಿದ್ದರು. ಉಸಿ ಹನ್ನೊಂದು ವರ್ಷದವರೆಗೆ ಹಳ್ಳಿಯಲ್ಲಿ ಅಜ್ಜಿಯ ಹತ್ತಿರವೇ ಬೆಳೆದವರು, ಹಾಗಾಗಿ ಭಾಷೆ ಪೂರ್ತಿ ಇತ್ತು. ಹಿಂದಿನ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಮೊದಲು ಡಚ್ ಹೋಯಿತು, ಆಮೇಲೆ ಮಲಯವೂ ಹೋಯಿತು. ಈಗ ಹಳ್ಳಿಯ ಮಾತು ಬಿಟ್ಟು ಬೇರೆ ಬರುವುದಿಲ್ಲ. ನರ್ಸುಗಳು ಅದನ್ನು ಬಡಬಡಿಕೆ ಅಂದುಕೊಂಡಿದ್ದಾರೆ. ಉಸಿಯ ಗಂಡುಮಕ್ಕಳಿಗೂ ಒಂದಕ್ಷರ ತಿಳಿಯುವುದಿಲ್ಲ, ಬಂದು ಕೈ ಹಿಡಿದು ಕೂತು ಹೋಗುತ್ತಾರೆ. ತಿಳಿಯಬೇಕಾದವರು ತಾಂತೆ ಒಬ್ಬರೇ, ಅವರಿಗೂ ಅರ್ಧ.

ತಾಂತೆ ಇದನ್ನೆಲ್ಲ ಡಚ್ಚಿನಲ್ಲಿ ಹೇಳಿದ್ದು. ಆದರೆ ನನ್ನ ನೆನಪಿನಲ್ಲಿ ಅವರ ಮಾತು ಗದಗಿನ ಕನ್ನಡವಾಗಿಯೇ ಕೂತಿದೆ, ಹಾಗೆಯೇ ಬರೆಯುತ್ತೇನೆ.

"ಅಕಿ ಭಾಳ ಮಾತಾಡ್ತಾಳ. ನಂಗ ಅಕಿ ಹಿಂದ ಓಡಾಕ ಆಗೂದಿಲ್ಲ. ನೀ ಅದನ್ನ ಹಿಡಿದಿಟ್ಟು ಕೊಟ್ಟಿ ಅಂದ್ರ, ಮನ್ಯಾಗ ಕುಂತು ಸಾವಕಾಶ ಕೇಳತೀನಿ. ಒಂದೊಂದ ನೆನಪಾಗ್ತಾವು. ಮುಂದಿನ ವಾರ ಹೋಗಿ ಅಕಿಗೆ ಉತ್ತರಾ ಕೊಡತೀನಿ."

ಅವರು ಕೇಳಿದ್ದು ಇಷ್ಟೇ. ಅಕ್ಕ ಬದುಕಿರುವಾಗ ಅಕ್ಕನಿಗೆ ಉತ್ತರ ಕೊಡಬೇಕು. ಒಂದು ಫೋನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ನನ್ನ ಮಗಳಿಗೂ ಬರುವ ಕೆಲಸ.

ಆದರೆ ಅವರು ಕೇಳಿದ್ದು ಭಾಷೆ ಉಳಿಸುವ ಮನುಷ್ಯನನ್ನು. ಆ ಸಂಜೆಯೇ ನಾನು ಎಕ್ಸೆಲ್ ತೆರೆದೆ. ಪದ, ಅರ್ಥ, ವರ್ಗ, ಹೇಳಿದವರು, ಸ್ಥಿತಿ ಎಂದು ಹದಿನಾಲ್ಕು ಕಾಲಮ್ಮುಗಳಾದವು. ಮುಗಿದರೆ ಹಸಿರು, ಅನುಮಾನವಿದ್ದರೆ ಹಳದಿ, ತಪ್ಪಿದ್ದರೆ ಕೆಂಪು. ಭಾಷೆಯ ಹೆಸರು ಕಡ್ಡಾಯ ಎಂದು ನಾನೇ ಒಂದು ಕಾಲಮ್ಮಿಗೆ ನಿಯಮ ಹಾಕಿ, ಹೆಸರು ಕೇಳಲು ಪಕ್ಕದ ಮನೆಗೆ ಓಡಿದೆ. ತಾಂತೆ ಯೋಚಿಸಿ, ಹೆಸರೇನೂ ಇಲ್ಲ, ನಮ್ಮೂರ ಮಾತು ಅನ್ನುತ್ತಿದ್ದೆವು ಎಂದರು. ಅದು ಹೆಸರಾಗುವುದಿಲ್ಲ ಎಂದು ಅವರಿಗೆ ತಿಳಿಸಿಹೇಳಿದೆ. ಎಂಬತ್ತು ವರ್ಷದ ಹೆಂಗಸಿಗೆ, ಅವರ ತಾಯಿನುಡಿಯ ಹೆಸರಿನ ಬಗ್ಗೆ, ನಾನು. ಹೆಂಡತಿ ಹಿಂದಿನಿಂದ ಪರದೆಯನ್ನು ನೋಡಿ ಒಂದೇ ಮಾತು ಹೇಳಿದಳು.

"ಅವರು ರೆಕಾರ್ಡ್ ಮಾಡ್ಕೊಡು ಅಂದ್ರು ಕಣ್ರೀ. ನೀವು ಡಿಪಾರ್ಟ್‌ಮೆಂಟೇ ತೆಗೀತಾ ಇದೀರಲ್ಲ."

ಹೊಟ್ಟೆಕಿಚ್ಚಿನ ಮಾತೆಂದು ಕಿವಿಗೆ ಹಾಕಿಕೊಳ್ಳಲಿಲ್ಲ.

ಏಪ್ರಿಲಿನಿಂದ ಶನಿವಾರಗಳು ಟಿಲ್‌ಬರ್ಗಿಗೆ ಮೀಸಲಾದವು. ಹೆಂಡತಿಗೆ ಶನಿವಾರ ಕೆಲಸವಿದ್ದದ್ದರಿಂದ ಮಗಳೂ ಜೊತೆಗೆ ಬರುತ್ತಿದ್ದಳು. ರಾಟರ್‌ಡ್ಯಾಮಿನಲ್ಲಿ ಗಾಡಿ ಬದಲಿಸಬೇಕು. ತಾಂತೆ ಅರಿಶಿನ ಹಾಕಿದ ಮೀನಿನ ಸಾರನ್ನು ಡಬ್ಬಿಯಲ್ಲಿ ತುಂಬಿ, ಡಬ್ಬಿಗೆ ಟವೆಲು ಸುತ್ತಿ, ಅದನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂರುತ್ತಿದ್ದರು. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪು. ಹೊಸ ರೆಕಾರ್ಡರು, ತುಪ್ಪಳದ ಟೋಪಿ ಹಾಕಿದ ಮೈಕು, ಬಣ್ಣದ ಚಿತ್ರಗಳಿದ್ದ ಪ್ಲಾಸ್ಟಿಕ್ ಹೊದಿಸಿದ ಕಾರ್ಡುಗಳು ಚೀಲದಲ್ಲಿ. ಕಾರ್ಡು ಮಾಡಲು ಆಫೀಸಿನ ಯಂತ್ರವನ್ನು ಬಳಸಿದ್ದೆ, ಭಾಷೆಗಾಗಿ ಅಷ್ಟು ಮಾಡದಿದ್ದರೆ ಹೇಗೆ.

ಉಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಬೆಳ್ಳಗಿನ ಕೂದಲು, ಬಿದ್ದುಹೋದ ಎಡಗೈ ಮಡಿಲಲ್ಲಿ, ಕಣ್ಣು ಮಾತ್ರ ಚುರುಕು. ನಾನು ಮೀನಿನ ಕಾರ್ಡು ಹಿಡಿಯುತ್ತಿದ್ದೆ. ಅವರು ಮೀನಿಗೆ ಇರುವ ಮಾತು ಹೇಳುತ್ತಿದ್ದರು. ಅಲ್ಲಿಗೆ ಮುಗಿಯಿತು ತಾನೇ? ಮುಗಿಯುತ್ತಿರಲಿಲ್ಲ. ಮೀನು ಎಂದಮೇಲೆ ಅವರಿಗೆ ಏನೇನೋ ನೆನಪಾಗುತ್ತಿತ್ತು. ತಂಗಿಯ ಮೊಣಕಾಲು ತಟ್ಟಿ, ನಕ್ಕು, ಏನೋ ಉದ್ದಕ್ಕೆ ಹೇಳಿ, ಕೊನೆಗೆ ಪ್ರಶ್ನೆ ಕೇಳಿದವರಂತೆ ನಿಲ್ಲಿಸಿ ತಂಗಿಯ ಮುಖ ನೋಡುತ್ತಿದ್ದರು. ತಾಂತೆ ಬಾಯಿ ಅರ್ಧ ತೆರೆದು, ಒಳಗೆಲ್ಲೋ ಹುಡುಕುತ್ತಾ ಕೂತಿರುತ್ತಿದ್ದರು. ರೆಕಾರ್ಡರಿನಲ್ಲಿ ನಿಮಿಷಗಳು ಹೋಗುತ್ತಿದ್ದವು, ನನ್ನ ಪಟ್ಟಿಯಲ್ಲಿ ಇನ್ನೂ ಕಲ್ಲು, ಬೆಂಕಿ, ಹೇನು, ಉಪ್ಪು ಬಾಕಿ.

ನಾನು ಬೆರಳು ಎತ್ತುತ್ತಿದ್ದೆ.

ಉಸಿ ಬೆರಳನ್ನು ನೋಡಿ, ಮಾತು ನುಂಗಿ, ಮುಂದಿನ ಕಾರ್ಡಿಗೆ ಕಾಯುತ್ತಿದ್ದರು. ಎರಡು ಮೂರು ಶನಿವಾರಗಳಲ್ಲಿ ಅವರು ಎಷ್ಟು ಚೆನ್ನಾಗಿ ಪಳಗಿದರೆಂದರೆ, ಮೊದಲು ನನ್ನ ಕೈಯನ್ನು ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು. ಅಕ್ಕ ತಂಗಿ ಒಂದೇ ವಸ್ತುವಿಗೆ ಬೇರೆ ಬೇರೆ ಹೇಳಿದರೆ ತಂಗಿಯದನ್ನು ಕೆಂಪು ಮಾಡುತ್ತಿದ್ದೆ. ಕೆಂಪಾದದ್ದನ್ನು ತಾಂತೆ ಪಕ್ಕದಿಂದ ನೋಡುತ್ತಿದ್ದರು. ಕ್ರಮೇಣ ಅವರು ಅಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದರು. ಕೆಲಸ ಸುಗಮವಾಗುತ್ತಿದೆ ಎಂದು ನಾನು ಬೀಗಿದೆ.

ಭಾನುವಾರ ಕನ್ನಡ ಉಳಿಸಿ ಬಂದು, ಊಟ ಮಾಡಿ, ಮಧ್ಯಾಹ್ನವೆಲ್ಲ ಕೂತು ಹಿಂದಿನ ದಿನದ ಧ್ವನಿಯನ್ನು ಸ್ವಚ್ಛ ಮಾಡುತ್ತಿದ್ದೆ. ಕೆಮ್ಮು ತೆಗೆದೆ. ಕುರ್ಚಿಯ ಕಿರುಗುಟ್ಟುವಿಕೆ ತೆಗೆದೆ. ನಗು ತೆಗೆದೆ. ಒಮ್ಮೆ ಉಸಿ ಏನೋ ಹಾಡಿನ ಹಾಗೆ ಗುನುಗಿದ್ದರು, ಅದನ್ನೂ ತೆಗೆದೆ. ಉದ್ದುದ್ದ ಮಾತುಗಳನ್ನು ಎರಡು ಕಡೆಯಿಂದ ಕತ್ತರಿಸಿ ನಡುವಿನ ಪದವನ್ನು ಎತ್ತಿ ಇಟ್ಟೆ. ಐವತ್ತು ನಿಮಿಷದ ಗದ್ದಲ ಮೂರು ನಿಮಿಷದ ಅಚ್ಚುಕಟ್ಟಾದ ಪದಗಳಾಗುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಹನ್ನೆರಡು ವರ್ಷದ ಅಭ್ಯಾಸದ ಪ್ರಕಾರ, ಕಚ್ಚಾ ಫೈಲನ್ನು ಅಳಿಸುತ್ತಿದ್ದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡುತ್ತಿದ್ದೆ. ನನ್ನಷ್ಟು ನಿಯಮ ಪಾಲಿಸುವವನು ಆ ಆಫೀಸಿನಲ್ಲೂ ಇರಲಿಲ್ಲ, ಆರನೇ ಮಹಡಿಯಲ್ಲೂ ಇರಲಿಲ್ಲ.

ರೈಲಿನಲ್ಲಿ ತಾಂತೆ ಒಮ್ಮೊಮ್ಮೆ ಮೆಲ್ಲಗೆ ಕೇಳುತ್ತಿದ್ದರು, ನನಗೆ ಕೇಳಲು ಸಿಗುವುದು ಯಾವಾಗ ಎಂದು. ಸ್ವಚ್ಛ ಮಾಡುತ್ತಿದ್ದೇನೆ, ಎಲ್ಲ ಮುಗಿದ ಮೇಲೆ ಒಟ್ಟಿಗೇ ಕೊಡುತ್ತೇನೆ ಎನ್ನುತ್ತಿದ್ದೆ. ಈ ದೇಶದಲ್ಲಿ ಸ್ವಚ್ಛ ಮಾಡುತ್ತಿರುವವನನ್ನು ಯಾರೂ ಅವಸರಪಡಿಸುವುದಿಲ್ಲ. ಅವರು ಸರಿ ಎಂದು ಡಬ್ಬಿಯ ಟವೆಲು ಬಿಗಿ ಮಾಡಿಕೊಳ್ಳುತ್ತಿದ್ದರು. ಪ್ರತಿ ವಾರ ಉತ್ತರವಿಲ್ಲದೆ ಹೋಗಿ, ಉತ್ತರವಿಲ್ಲದೆ ಬರುತ್ತಿದ್ದರು. ಅದು ನನಗೆ ಹೊಳೆಯಲೇ ಇಲ್ಲ.

ಅಕ್ಟೋಬರಿನಲ್ಲಿ ಉಸಿಗೆ ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ಮಾತೇ ನಿಂತಿತು. ಹತ್ತು ದಿನಕ್ಕೆ ತೀರಿಕೊಂಡರು. ಟಿಲ್‌ಬರ್ಗಿನ ಚರ್ಚಿಗೆ ನಾನು, ಹೆಂಡತಿ, ಮಗಳು ಮೂವರೂ ಹೋದೆವು. ಹಾಡು, ಪ್ರಾರ್ಥನೆ ಎಲ್ಲ ಮಲಯದಲ್ಲಿ, ಅಳು ಡಚ್ಚಿನಲ್ಲಿ. ಊರ ಮಾತಿನಲ್ಲಿ ಅಲ್ಲಿ ಯಾರೂ ಏನೂ ಹೇಳಲಿಲ್ಲ. ಹೇಳಬಲ್ಲ ಒಬ್ಬರು ಮುಂದಿನ ಸಾಲಿನಲ್ಲಿ ಕರವಸ್ತ್ರ ಹಿಡಿದು ಸುಮ್ಮನೆ ಕೂತಿದ್ದರು.

ಮೂರು ವಾರ ಬಿಟ್ಟು, ಪೆನ್‌ಡ್ರೈವನ್ನು ಪುಟ್ಟ ಡಬ್ಬಿಯಲ್ಲಿಟ್ಟು, ಬಣ್ಣದ ಪದಪಟ್ಟಿಯನ್ನು ಸುರುಳಿ ಮಾಡಿ, ತಾಂತೆಯ ಮನೆಗೆ ಹೋದೆ. ಒಳಗೊಳಗೇ ಒಂದು ಸಣ್ಣ ಭಾಷಣವನ್ನೂ ತಯಾರು ಮಾಡಿಕೊಂಡಿದ್ದೆ. ಅಕ್ಕ ಹೋದರೂ ಭಾಷೆ ಉಳಿಯಿತು ಎಂಬ ಧಾಟಿಯದು. ಪುಣ್ಯಕ್ಕೆ ಅದನ್ನು ಆಡಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ಶುರು ಮಾಡಿದೆ. ತಾಂತೆ ಕನ್ನಡಕ ಹಾಕಿಕೊಂಡು, ಕೈ ಕಟ್ಟಿ, ಕೇಳಲು ಕೂತರು.

ಉಸಿಯ ಧ್ವನಿ ಕಲ್ಲು ಎಂದಿತು. ಎರಡು ಸೆಕೆಂಡು ಮೌನ. ಬೆಂಕಿ. ಎರಡು ಸೆಕೆಂಡು. ಮೀನು. ಹೇನು. ಉಪ್ಪು. ಧ್ವನಿ ಗಾಜಿನಷ್ಟು ಶುಭ್ರ. ಇನ್ನೂರ ಹದಿನಾರು ಪದಗಳನ್ನೂ ಅವರು ಕದಲದೆ ಕೇಳಿದರು. ಮುಗಿದ ಮೇಲೂ ಕಾಯುತ್ತಾ ಕೂತರು. ಆಮೇಲೆ, ಉಳಿದದ್ದು ಎಲ್ಲಿ ಎಂದು ಕೇಳಿದರು.

ಉಳಿದದ್ದು ಎಂದರೆ ಯಾವುದು ಎಂದು ನಾನು ಕೇಳಿದೆ.

ಅವಳು ಮಾತಾಡಿದ್ದು ಎಂದರು ತಾಂತೆ. ಮೀನಿನ ಚಿತ್ರ ನೋಡಿದ ದಿನ ಅವಳು ಅವ್ವನ ಬಗ್ಗೆ ನನಗೆ ಏನೋ ಕೇಳಿದಳು, ಮನೆಗೆ ಬಂದು ಕೇಳಿಸಿಕೊಂಡರೆ ತಿಳಿದೀತು ಎಂದು ಬಿಟ್ಟಿದ್ದೆ ಎಂದರು. ನಾನು ವಿವರಿಸಲು ಶುರು ಮಾಡಿದೆ. ಸ್ವಚ್ಛಗೊಳಿಸುವ ಹಂತಗಳು, ಕಚ್ಚಾ ಫೈಲು, ಕಾಯ್ದೆ. ನನ್ನ ಡಚ್ಚು ಆ ದಿನದಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಅವರು ಪೂರ್ತಿ ಕೇಳಿದರು. ಬೈಯಲಿಲ್ಲ. ಎದ್ದು ಹೋಗಿ ಕಾಫಿಗೆ ನೀರಿಟ್ಟು, ನನಗೆ ಬೆನ್ನು ಹಾಕಿಯೇ ಹೇಳಿದರು.

"ಸ್ವಚ್ಛ ಐತಿ."

ಆ ಎರಡು ಮಾತು ಕೇಳಿ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಕಾಫಿ ಕುಡಿಯದೆ ಎದ್ದು ಬರಲೂ ಧೈರ್ಯವಾಗಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪನ್ನು ತಲೆಕೆಳಗು ಮಾಡಿ ಹುಡುಕಿದೆ. ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶಗಳನ್ನು ಹಾಕಿದೆ. ಬೇರೆ ಯಾರದೋ ಕೈಕೆಲಸವಾಗಿದ್ದರೆ ಒಂದೆರಡು ತುಂಡಾದರೂ ಸಿಗುತ್ತಿತ್ತು. ಅಳಿಸುವುದರಲ್ಲಿ ನಾನು ಎತ್ತಿದ ಕೈ, ಏನೂ ಸಿಗಲಿಲ್ಲ. ಮೂರನೇ ದಿನ ಸಂಜೆ ಊಟದ ಮೇಜಿನಲ್ಲಿ ಹೆಂಡತಿಗೆ ಎಲ್ಲ ಹೇಳಿಕೊಂಡೆ. ಅವಳು ಅಂದೇ ಹೇಳಿದ್ದೆನಲ್ಲ ಎನ್ನದೆ ನನ್ನ ತಟ್ಟೆಗೆ ಅನ್ನ ಬಡಿಸಿದಳು. ಆಗ ಮಗಳು ಚಮಚ ಆಡಿಸುತ್ತಾ, ಡಚ್ಚಿನಲ್ಲಿ, ಆ ಓಮಾ ನನ್ನ ಫೋನಿನಲ್ಲಿ ಇದ್ದಾರೆ ಎಂದಳು. ಓಮಾ ಎಂದರೆ ಅಜ್ಜಿ, ಉಸಿಯನ್ನು ಅವಳು ಹಾಗೆ ಕರೆಯುತ್ತಿದ್ದಳು.

ಅವಳ ಫೋನೆಂದರೆ ನಾನು ಬಳಸಿ ಬಿಟ್ಟ ಹಳೆಯದು, ಆಟ ಆಡಲು ಕೊಟ್ಟದ್ದು. ಆಗ ನನಗೆ ನೆನಪಾಯಿತು. ಜೂನಿನ ಒಂದು ಶನಿವಾರ ರೆಕಾರ್ಡರಿನ ಬ್ಯಾಟರಿ ತೀರಿತ್ತು. ಆ ಹಳೆಯ ಫೋನಿನಲ್ಲಿ ಶುರು ಮಾಡಿ, ಧ್ವನಿ ಚೆನ್ನಾಗಿ ಬರುವುದಿಲ್ಲವೆಂದು ಬ್ಯಾಟರಿ ತರಲು ಪೇಟೆ ಬೀದಿಯ ಅಂಗಡಿಗೆ ಹೋಗಿದ್ದೆ. ತಾಂತೆ ಸಾರು ಬಿಸಿ ಮಾಡಲು ಆ ಮನೆಯ ಅಡುಗೆಕೋಣೆಗೆ ಹೋಗಿದ್ದರು. ಫೋನನ್ನು ಯಾರೂ ನಿಲ್ಲಿಸಿರಲಿಲ್ಲ. ಆಮೇಲೆ ನಾನು ಅದನ್ನು ಕೇಳಿಯೂ ನೋಡದೆ, ಪಟ್ಟಿಯಲ್ಲಿ ಆ ಫೈಲಿನ ಮುಂದೆ 'ಕಸ, ಮಗುವಿನ ಮಾತು' ಎಂದು ಬರೆದು ಮರೆತಿದ್ದೆ. ಅಳಿಸುವಷ್ಟು ಬೆಲೆಯನ್ನೂ ಅದಕ್ಕೆ ಕೊಟ್ಟಿರಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮಗಳನ್ನು ಕೇಳಿದೆ. ಯಾರೂ ಕೇಳಲಿಲ್ಲವಲ್ಲ ಎಂದಳು.

ಮೂವರೂ ತಾಂತೆಯ ಅಡುಗೆಮನೆಯಲ್ಲಿ ಕೂತೆವು, ತಾಂತೆ, ನಾನು, ಮಗಳು. ಮಗಳೇ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಳು.

ಮೊದಲು ನನ್ನ ಬೂಟಿನ ಸದ್ದು, ಬಾಗಿಲು ಹಾಕಿಕೊಂಡ ಸದ್ದು. ಕುರ್ಚಿ ಕಿರುಗುಟ್ಟಿತು. ಎಲ್ಲೋ ಯಾರೋ ಟಿವಿ ಹಾಕಿದ್ದರು. ಆಮೇಲೆ ಉಸಿ ಏನೋ ಕೇಳಿದರು. ಆಮೇಲೆ ಮಗುವಿನ ಧ್ವನಿ, ಕನ್ನಡದಲ್ಲಿ.

"ಹೂಂ ಅಜ್ಜಿ, ಊಟ ಆತ್ರಿ. ಬ್ರೆಡ್ ತಿಂದೆ. ನಿಮ್ದು ಆಯ್ತಾ?"

ನಾನು ಮಗಳ ಕಡೆ ತಿರುಗಿದೆ. ಅವಳು ಸಕ್ಕರೆ ಡಬ್ಬಿಯನ್ನು ನೋಡುತ್ತಿದ್ದಳು. ತಾಂತೆ ಆ ತುಣುಕನ್ನು ಎರಡು ಸಲ ಹಾಕಿಸಿ ಕೇಳಿ, ನಕ್ಕರು. ಉಸಿ ಕೇಳಿದ್ದು ಊಟದ ವಿಚಾರವಲ್ಲವಂತೆ, ನೀನು ಯಾರ ಮಗಳು ಎಂದು. ನಿನ್ನ ಹಾಗೇ ನನ್ನ ತಂಗಿಯೂ ಕಾಲು ಆಡಿಸುತ್ತಾ ಕೂರುತ್ತಿದ್ದಳು ಎಂದರಂತೆ ಆಮೇಲೆ. ಅದಕ್ಕೆ ನನ್ನ ಮಗಳು, ತನ್ನ ಸೈಕಲಿನ ಬಣ್ಣ ನೇರಳೆ ಎಂದು ಹೇಳಿದಳು. ಉಸಿ ಹಡಗಿನ ಮಾತು ತೆಗೆದರು. ತಂಗಿ ಹಡಗಿನಲ್ಲಿ ಏನೂ ತಿನ್ನದೆ ಹಟ ಮಾಡಿದ್ದು, ತಾನು ಅವಳ ಮೂಗು ಹಿಡಿದು ಗಂಜಿ ಕುಡಿಸಿದ್ದು. ಮಗಳು ತನ್ನ ಶಾಲೆಯ ಮೊಲ ಸತ್ತುಹೋದದ್ದನ್ನು ಹೇಳಿದಳು. ಒಬ್ಬರದು ಒಬ್ಬರಿಗೆ ತಿಳಿಯದೆ, ಇಬ್ಬರೂ ಹಾಂ ಹೂಂ ಎನ್ನುತ್ತಾ, ಯಾರೂ ಯಾರನ್ನೂ ತಡೆಯದೆ, ಅರ್ಧಗಂಟೆಯ ಹತ್ತಿರ ಮಾತಾಡಿದ್ದರು. ತಾಂತೆ ನಿಲ್ಲಿಸು ಎಂದಾಗ ಮಗಳು ನಿಲ್ಲಿಸುತ್ತಿದ್ದಳು. ತಾಂತೆ ಕಣ್ಣು ಮುಚ್ಚಿ, ತುಟಿಯಲ್ಲೇ ಆ ಮಾತನ್ನು ಆಡಿ, ತಿಳಿದಾಗ ಮೇಜು ತಟ್ಟುತ್ತಿದ್ದರು. ಅವರು ಮೊದಲ ದಿನ ಕೇಳಿದ್ದು ಇದನ್ನೇ.

ಕೊನೆಗೆ ಒಂದು ಕಡೆ ಉಸಿಯ ಧ್ವನಿ ತಗ್ಗಿತು. ಅದನ್ನು ತಾಂತೆ ನಾಲ್ಕು ಸಲ ಹಾಕಿಸಿದರು. ನಾಲ್ಕನೇ ಸಲಕ್ಕೆ ಮೇಜು ತಟ್ಟಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ಉಸಿ ಅಂದದ್ದನ್ನು ನನಗೆ ಹೇಳಿದರು.

"ನನ್ನ ತಂಗಿ ವಾರಾ ವಾರಾ ಬರ್ತಾಳ, ಬಂದು ಮಂದಿ ಮನಿಗೆ ಬಂದೋರಂಗ ಕುಂದರ್ತಾಳ, ಏನ ಕೇಳಿದ್ರೂ ಮಾತಾಡೂದಿಲ್ಲ, ನನ್ನ ಮ್ಯಾಲ ಸಿಟ್ಟಾಗ್ಯಾಳೇನು ಅಂತ ನಿನ್ನ ಮಗಳನ್ನ ಕೇಳಾಕತ್ತಾಳ."

ಮಗಳು ಮತ್ತೆ ಗುಂಡಿ ಒತ್ತಿದಳು. ಫೋನಿನಲ್ಲಿ ಉಸಿ ಉತ್ತರಕ್ಕೆ ಕಾಯುತ್ತಿದ್ದರು. ಆಮೇಲೆ ನನ್ನ ಮಗಳ ಧ್ವನಿ ಬಂತು.

"ಪಪ್ಪ ಈಗ ಬರ್ತಾರ್ರೀ ಅಜ್ಜಿ. ಬಂದ್ರ ನಾನು ಡಚ್ ಮಾತಾಡ್ತೀನಿ. ಕನ್ನಡ ಮಾತಾಡಿದ್ರೆ ಅವ್ರು ಬೆರಳು ಎತ್ತಾಕತ್ತಾರೆ. ನಿಮಗೂ ಎತ್ತಿದ್ರಲ್ಲ."

ಬಾಗಿಲ ಸದ್ದು. ನನ್ನ ಬೂಟಿನ ಸದ್ದು. ಬ್ಯಾಟರಿ ಸಿಕ್ಕಿತು ಎಂದು ಗೆದ್ದವನ ಹಾಗೆ ಕೂಗುತ್ತಿರುವ ನನ್ನ ಧ್ವನಿ. ಇಬ್ಬರೂ ಒಟ್ಟಿಗೇ ಸುಮ್ಮನಾದರು.

ಇನ್ನೊಂದನ್ನೂ ಹೇಳಿಬಿಡಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ. 'ಎತ್ತಾಕತ್ತಾರೆ' ಎಂದು ಮಗಳು ಗದಗು ಮೈಸೂರು ಎರಡನ್ನೂ ಒಂದೇ ಮಾತಿನಲ್ಲಿ ಕಲಸಿದಾಗ, ಆ ಹೊತ್ತಿನಲ್ಲೂ, ನನ್ನ ಬಲಗೈಯ ತೋರುಬೆರಳು ಮೇಜಿನಿಂದ ಮೇಲೆದ್ದಿತ್ತು. ಮಗಳು ನೋಡಿದಳು. ತಾಂತೆಯೂ ನೋಡಿದರು. ಇಳಿಸಲೂ ಆಗದೆ ಇಟ್ಟುಕೊಳ್ಳಲೂ ಆಗದೆ ನಾನು ಹಾಗೇ ಕೂತೆ.

ತಾಂತೆ ಫೋನಿನ ಕಡೆಗೆ ಬಾಗಿದರು. ಊರ ಮಾತಿನಲ್ಲಿ, ಒಂದೊಂದೇ ಪದ ಹುಡುಕಿ, ನಡುವೆ ನಿಂತು, ಮತ್ತೆ ಶುರು ಮಾಡಿ, ಸಕ್ಕರೆ ಡಬ್ಬಿಗೆ ಒರಗಿದ ಆ ಫೋನಿಗೆ ಏನೋ ಹೇಳಿದರು. ಸುಮಾರು ಹೊತ್ತು ಹೇಳಿದರು. ಅದರಲ್ಲಿ ತಪ್ಪುಗಳಿದ್ದವೋ ಏನೋ, ಹೇಳಬಲ್ಲವರು ಈ ದೇಶದಲ್ಲಿ ಯಾರೂ ಉಳಿದಿರಲಿಲ್ಲ. ಅರ್ಥವೇನೆಂದು ನಾನು ಕೇಳಲಿಲ್ಲ.

ಆಮೇಲೆ ಮೊದಲಿಂದ ಇನ್ನೊಮ್ಮೆ ಹಾಕು ಎಂದರು. ಮಗಳು ಫೋನನ್ನು ನನ್ನ ಕಡೆ ತಳ್ಳಿದಳು.

"ಪಪ್ಪ, ನೀವು ಒತ್ರೀ. ಬೆರಳು ಹೆಂಗೂ ಮೇಲೈತಲ್ಲ."

ನಾಲ್ಕು ವರ್ಷದಲ್ಲಿ ಅವಳು ನನ್ನ ಮುಖ ನೋಡಿ ಆಡಿದ ಮೊದಲ ಕನ್ನಡ. ನಾನು ಬೆರಳು ಇಳಿಸಿ ಗುಂಡಿ ಒತ್ತಿದೆ.